ಇದು ತಾಮ್ರದ್ದ ಹೌದಲ್ರಿ, ಮಾವಾ?

ಮೊದಲೇ ಹೇಳಿಬಿಡುತ್ತೇನೆ, ನಾನು ಕೆಟ್ಟ ಮನುಷ್ಯನಲ್ಲ. ಶಹಾಪುರದಲ್ಲಿ ಹದಿನೆಂಟು ವರ್ಷದಿಂದ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದೇನೆ. ಹಣಮೇಶನ ಅಂಗಡಿಯಲ್ಲಿ ಮೋಸ ಆಯಿತು ಅಂತ ಒಬ್ಬರಾದರೂ ಹೇಳಲಿ, ಅವತ್ತೇ ಶಟರ್ ಇಳಿಸಿ ಮನೆಗೆ ಹೋಗುತ್ತೇನೆ ಅಂತ ಎದೆ ತಟ್ಟಿ ಹೇಳುತ್ತಿದ್ದೆ. ಈಗ ಒಬ್ಬಳು ಹೇಳುತ್ತಿದ್ದಾಳೆ. ಸುರಪುರದಿಂದ ಯಾದಗಿರಿಯವರೆಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದಾಳೆ. ಅವಳು ನನ್ನ ಸ್ವಂತ ಅಕ್ಕನ ಮಗಳು ಮೌನಿಕಾ. ಶಟರನ್ನಂತೂ ನಾನು ಇಳಿಸಿಲ್ಲ.

ಇದೆಲ್ಲ ಆದದ್ದು ಒಂದು ರೇಡಿಯೇಟರಿನಿಂದ. ಜೀಪಿನ ಮೂತಿಯಲ್ಲಿ ಇರುತ್ತದಲ್ಲ, ಅಂಥದ್ದೇ. ಆದರೆ ಸಣ್ಣದು, ಕಂಪ್ಯೂಟರಿನ ಡಬ್ಬಿಯೊಳಗೆ ಕೂರುವಂಥದ್ದು. ದೊಡ್ಡ ಕೆಲಸ ಮಾಡುವ ಕಂಪ್ಯೂಟರು ಕಾಯುತ್ತದೆ, ವಿಪರೀತ ಕಾದರೆ ತಾನಾಗಿಯೇ ಬಂದ್ ಆಗುತ್ತದೆ. ಅದರ ಮೆದುಳಿನ ಮೇಲೆ ತಾಮ್ರದ ಬಿಲ್ಲೆ ಕೂರಿಸಿ ಪೈಪಿನಲ್ಲಿ ನೀರು ಹಾಯಿಸಿದರೆ, ನೀರು ಆ ಬಿಸಿಯನ್ನು ಹೊತ್ತು ರೇಡಿಯೇಟರಿಗೆ ಬರುತ್ತದೆ, ಫ್ಯಾನಿನ ಗಾಳಿಗೆ ಆರಿ ವಾಪಸು ಹೋಗುತ್ತದೆ. ಇಷ್ಟೇ ವಿದ್ಯೆ. ಈ ಮೂರು ತಾಲೂಕಿನಲ್ಲಿ ಇದು ಗೊತ್ತಿದ್ದವನು ನಾನೊಬ್ಬನೇ, ಆ ಜಂಬ ನನಗಿತ್ತು, ಇರಲೇಬೇಕಿತ್ತು.

ಮೌನಿಕಾ ಮಾಡುವ ಕೆಲಸ ಮನೆಗಳ ಚಿತ್ರ ಬರೆಯುವುದು. ಕಟ್ಟುವ ಮೊದಲೇ ಮನೆ ಹೇಗೆ ಕಾಣುತ್ತದೆ ಅಂತ ಕಂಪ್ಯೂಟರಿನಲ್ಲಿ ಮಾಡಿ ತೋರಿಸುವುದು. ಗೇಟು, ಬಾಲ್ಕನಿ, ಮೆಟ್ಟಿಲು, ಗೋಡೆಯ ಬಣ್ಣ, ಬೇಕಾದರೆ ಒಳಗೆಲ್ಲ ಓಡಾಡಿದಂತೆ ವಿಡಿಯೊ. ಮದುವೆಗೆ ಮುಂಚೆ ಕಲಿತಿದ್ದಳು. ಮದುವೆ ನಾನೇ ಮಾಡಿಸಿದ್ದು. ಹುಡುಗ ಭೀಮೇಶ, ಯಾದಗಿರಿಯವನು, ಬೇಳೆ ಮಿಲ್ಲಿನ ಮನೆತನ, ನನ್ನ ಗೆಳೆಯ. ಭಾವ ತೀರಿಕೊಂಡಿದ್ದರಿಂದ ಮಾತುಕತೆಯಿಂದ ಹಿಡಿದು ಊಟದ ಎಲೆಯವರೆಗೆ ಎಲ್ಲ ನನ್ನ ಹೆಗಲ ಮೇಲೆ ಬಿತ್ತು. ಸೋದರಮಾವನ ಆಹೇರಿ, ಅಂದರೆ ಮದುವೆಯ ಉಡುಗೊರೆ ಅಂತ ತಾಮ್ರದ ಹಂಡೆ ಕೊಟ್ಟೆ. ಬಚ್ಚಲಲ್ಲಿ ನೀರು ಕಾಯಿಸುವ ದೊಡ್ಡ ಹಂಡೆ, ಇಬ್ಬರು ಹಿಡಿದು ಎತ್ತಬೇಕು. ಅದರ ಕಂಠದ ಕೆಳಗೆ ಚುಕ್ಕಿ ಅಕ್ಷರದಲ್ಲಿ ‘ಸೋದರಮಾವ ಹಣಮೇಶ ಇವರಿಂದ ಚಿ.ಸೌ. ಮೌನಿಕಾಗೆ’ ಅಂತ ಹಾಕಿಸಿದ್ದೆ. ಮಂದಿ ಮುಟ್ಟಿ ಮುಟ್ಟಿ ನೋಡಿದರು.

ಒಂದೂವರೆ ವರ್ಷಕ್ಕೆ ಹುಡುಗಿ ತವರಿಗೆ ಬಂದು ಕೂತಳು. ಒಂದು ಟೆಂಪೊದಲ್ಲಿ ಬಟ್ಟೆ, ಕಂಪ್ಯೂಟರು, ಹಂಡೆ ಹಾಕಿಕೊಂಡು ಬಂದಿದ್ದಳು. ಎಡಗೈ ಮೊಣಕೈಯ ಕೆಳಗೆ ಸುಟ್ಟ ಗಾಯ, ರೊಟ್ಟಿ ಹಂಚಿನ ಅಂಚು ಎಷ್ಟು ಬಾಗಿರುತ್ತದೋ ಅಷ್ಟೇ ಬಾಗಿದ್ದು. ಗಂಡ ಕೈ ಹಿಡಿದು ಒತ್ತಿದ ಅನ್ನುತ್ತಾಳೆ. ಅಡುಗೆಮನೆಯಲ್ಲಿ ಹೆಂಗಸರು ದಿನಾ ಸುಟ್ಟುಕೊಳ್ಳುತ್ತಾರೆ, ಇವಳು ಒತ್ತಿದ್ದೆಂದು ಹೇಳಿದ ಮಾತ್ರಕ್ಕೆ ನಂಬಬೇಕೇ? ಒತ್ತಿದ್ದನೆಂದೇ ಇಟ್ಟುಕೊಳ್ಳಿ, ಅದಕ್ಕೆ ಮನೆ ಬಿಟ್ಟು ಬರುವುದೇ? ಅಂಗಡಿಗೆ ಬಂದವರೆಲ್ಲ ಮೌಸು ಕೇಳುವ ಮೊದಲು ನನ್ನ ಅಕ್ಕನ ಮಗಳ ಸುದ್ದಿ ಕೇಳತೊಡಗಿದರು. ನನ್ನ ಮುಖ ಎಲ್ಲಿಡಲಿ?

ಯುಗಾದಿ ಮುಗಿದ ಮೇಲೆ ಸುರಪುರದಲ್ಲಿ ಅಕ್ಕ ಸರೋಜಾಳ ಮನೆಯಲ್ಲಿ ಹಿರಿಯರನ್ನು ಕೂರಿಸಿದೆ. ಮಾತು ನಾನೇ ಮುಗಿಸಿದೆ. ಕಾರಹುಣ್ಣಿಮೆಯವರೆಗೆ ಗಡುವು. ಅಷ್ಟರೊಳಗೆ ಖಾಯಂ ಕೆಲಸ ಹಿಡಿದು ತನ್ನ ಕಾಲ ಮೇಲೆ ನಿಂತರೆ ತವರಲ್ಲೇ ಇರಲಿ, ಇಲ್ಲದಿದ್ದರೆ ಹುಣ್ಣಿಮೆಯ ದಿನ ಭೀಮೇಶ ಬಂದು ಕರೆದುಕೊಂಡು ಹೋಗುತ್ತಾನೆ, ತುಟಿ ಪಿಟಕ್ಕೆನ್ನದೆ ಹೋಗಬೇಕು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಹೂಂ ಅಂದಳು. ಮೌನಿಕಾ ಕೂಡ ಹೂಂ ಅಂದಳು. ಅವಳು ಅಷ್ಟು ಬೇಗ ಒಪ್ಪಿದ್ದೇ ನನಗೆ ಸಿಟ್ಟು ತರಿಸಿತು.

ಒಪ್ಪಿದ್ದಕ್ಕೆ ಕಾರಣ ಆಮೇಲೆ ಗೊತ್ತಾಯಿತು. ಭೀಮರಾಯನಗುಡಿಯಲ್ಲಿ ಅಂಬ್ರಪ್ಪ ಅಂತ ಒಬ್ಬ ಇಂಜಿನಿಯರು ಇದ್ದಾನೆ, ಸುತ್ತಲ ಊರುಗಳ ಮನೆ ಕಟ್ಟಿಸುವವನು. ಯಾದಗಿರಿಯಲ್ಲಿ ಮೂರು ಅಂತಸ್ತಿನ ಕಲ್ಯಾಣ ಮಂಟಪ ಹಿಡಿದಿದ್ದ. ಅದರೊಳಗೆಲ್ಲ ತಿರುಗಾಡಿದಂತೆ ವಿಡಿಯೊ ಮಾಡಿಕೊಟ್ಟರೆ, ಮಂಟಪದ ಯಜಮಾನರಿಗೆ ಮೆಚ್ಚಿಗೆಯಾದರೆ, ಇನ್ನು ಮುಂದೆ ತನ್ನ ಎಲ್ಲ ಚಿತ್ರದ ಕೆಲಸ ನಿನಗೇ ಅಂತ ಅವಳಿಗೆ ಹೇಳಿದ್ದನಂತೆ. ಹುಣ್ಣಿಮೆಗೆ ಎಂಟು ದಿನ ಮೊದಲು ಅದು ಕೈಗೆ ಸಿಗಬೇಕು. ಆದರೆ ಸುರಪುರದ ಬಿಸಿಲು ಗೊತ್ತಲ್ಲ, ಮಧ್ಯಾಹ್ನ ಹನ್ನೆರಡಕ್ಕೆ ಇವಳ ಕಂಪ್ಯೂಟರು ಕಾದು ಕೆಂಡವಾಗಿ ಬಂದ್ ಆಗುತ್ತಿತ್ತು. ಅರ್ಧ ಆದ ವಿಡಿಯೊ ಮತ್ತೆ ಮೊದಲಿಂದ.

ಏಪ್ರಿಲ್ ಎರಡನೆಯ ವಾರ ನನ್ನ ಅಂಗಡಿಗೆ ಬಂದಳು. ದುಪ್ಪಟ್ಟಾ ತಲೆಗೆ ಸುತ್ತಿಕೊಂಡು, ಕೈಯಲ್ಲೊಂದು ನೋಟುಬುಕ್ಕು ಹಿಡಿದು. ಬಿಲ್ಲೆ, ಮೋಟರು, ಪೈಪು ಎಲ್ಲ ತರಿಸಿಕೊಂಡಿದ್ದಳು, ರೇಡಿಯೇಟರು ಮಾತ್ರ ಯಾವುದು ಅಂತ ತಿಳಿಯದೆ ನನ್ನ ಹತ್ತಿರ ಬಂದಿದ್ದಳು. ನನ್ನ ಹತ್ತಿರವೇ! ಗಡುವು ಹಾಕಿದವನ ಹತ್ತಿರ. ಸೋದರಮಾವ ಅಲ್ಲವೇ, ಕೈ ಬಿಡುವುದಿಲ್ಲ ಅಂದುಕೊಂಡಿರಬೇಕು.

ನಾನು ಕುರ್ಚಿ ಕೊಟ್ಟೆ, ಸೋಡಾ ತರಿಸಿದೆ, ಎಲ್ಲ ಬಿಡಿಸಿ ಹೇಳಿದೆ. ಒಂದು ಫ್ಯಾನಿನ ರೇಡಿಯೇಟರು ನಮ್ಮ ಬಿಸಿಲಿಗೆ ಏನೂ ಸಾಲದು, ಮೂರು ಫ್ಯಾನಿನದು ನಿನ್ನ ಡಬ್ಬಿಯಲ್ಲಿ ಕೂರುವುದಿಲ್ಲ, ಎರಡು ಫ್ಯಾನಿನದೇ ಸರಿ ಅಂದೆ. ಅದರ ರೆಕ್ಕೆಗಳು, ಅಂದರೆ ಗಾಳಿ ಹಾಯುವ ಆ ತೆಳ್ಳನೆಯ ತಗಡುಗಳು, ಒತ್ತೊತ್ತಾಗಿ ಇರಬಾರದು. ನಿಮ್ಮ ಮನೆ ಹಿಂದೆ ಹತ್ತಿ ಮಿಲ್ಲಿದೆ, ಅರಳೆ ಹಾರಿ ಬಂದು ಒಂದೇ ವಾರಕ್ಕೆ ಕಂಬಳಿ ಹೊದಿಸಿಬಿಡುತ್ತದೆ, ಬಿಡಿಬಿಡಿಯಾಗಿದ್ದರೆ ಬ್ರಷ್ಷಿನಿಂದ ತೆಗೆಯಬಹುದು ಅಂದೆ. ಅವಳು ಒಂದೊಂದನ್ನೂ ಬರೆದುಕೊಂಡಳು. ಹೇಳಿದ್ದೆಲ್ಲ ಸತ್ಯ. ನಮ್ಮ ದಂಧೆಯಲ್ಲಿ ಒಂದು ಸುಳ್ಳು ಹೇಳುವುದಿದ್ದರೆ ಅದರ ಸುತ್ತ ಇಷ್ಟು ಸತ್ಯ ಹೇಳಬೇಕಾಗುತ್ತದೆ.

ಅವತ್ತು ನನ್ನ ಅಂಗಡಿಯಲ್ಲಿ ಎರಡಿದ್ದವು. ಎರಡೂ ಎರಡು ಫ್ಯಾನಿನವು, ಎರಡಕ್ಕೂ ಕಪ್ಪು ಬಣ್ಣ, ಅಕ್ಕಪಕ್ಕ ಇಟ್ಟರೆ ಯಾರಿಗೂ ಗುರುತು ಸಿಗದು. ಒಂದರೊಳಗೆ ತಾಮ್ರ, ಇನ್ನೊಂದರೊಳಗೆ ಅಲ್ಯುಮಿನಿಯಂ. ಬಿಲ್ಲೆ ತಾಮ್ರದ್ದಾಗಿ ರೇಡಿಯೇಟರು ಅಲ್ಯುಮಿನಿಯಂದಾದರೆ, ಎರಡರ ನಡುವೆ ಒಂದೇ ನೀರು ತಿರುಗಿದರೆ, ಅಲ್ಯುಮಿನಿಯಂ ಒಳಗಿಂದ ತಿಂದುಹೋಗುತ್ತದೆ. ಬಿಳಿ ಲೋಳೆ ಬಿಡುತ್ತದೆ, ನೀರಿನ ದಾರಿ ಕಟ್ಟುತ್ತದೆ, ಕೊನೆಗೆ ತೂತು. ಸವಳು ನೀರು ಹಾಕಿದರೆ ಇನ್ನೂ ಬೇಗ. ತಾಮ್ರದ್ದನ್ನು ಕಾಲಿನಿಂದ ಮೇಜಿನ ಕೆಳಕ್ಕೆ ತಳ್ಳಿ, ಇನ್ನೊಂದನ್ನು ಅವಳ ಮುಂದಿಟ್ಟೆ.

ಅವಳು ನೋಟುಬುಕ್ಕಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು. “ಇದು ತಾಮ್ರದ್ದ ಹೌದಲ್ರಿ, ಮಾವಾ?”

“ತಾಮ್ರದ್ದ ಅದ,” ಅಂದೆ. “ನಾ ನಿನ್ನ ಸೋದರಮಾವ ಇದ್ದೀನಿ. ನಿನ್ನ ಮುಂದ ಸುಳ್ಳ ಹೇಳ್ತೀನೇನು?”

ಬಗ್ಗಿ ನನ್ನ ಕಾಲು ಮುಟ್ಟಿದಳು. ಹುಚ್ಚಿ. ಮರುದಿನ ನಾನೇ ಸುರಪುರಕ್ಕೆ ಹೋಗಿ ಜೋಡಿಸಿಕೊಟ್ಟೆ. ಬ್ಯಾಟರಿಗೆ ಹಾಕುವ ನೀರೇ ಹಾಕಬೇಕು ಅಂತ ಓದಿದ್ದೆ ಅಂದಳು. ಅದೇ ತಂದಿದ್ದೇನೆ ಅಂತ ಅಂಗಡಿಯ ಬೋರಿನ ನೀರು ಸುರಿದೆ. ಶಹಾಪುರದ ಬೋರಿನ ನೀರು ಕೊಡದಲ್ಲಿ ನಾಲ್ಕು ದಿನ ನಿಂತರೆ ಬಿಳಿ ಪೊರೆ ಕಟ್ಟುತ್ತದೆ. ಸಂಜೆ ಬಸ್ಸಿಗೆ ಕಾಯುತ್ತ ಭೀಮೇಶನಿಗೆ ಫೋನು ಮಾಡಿದೆ. ಹುಣ್ಣಿಮೆಯೊಳಗೆ ಆ ಮಷೀನು ಕೆಟ್ಟು ಕೂತುಬಿಡುತ್ತದೆ, ನೀನು ಗಾಡಿ ತಯಾರು ಮಾಡಿಕೊಂಡಿರು ಅಂತ ಹೇಳಿದೆ.

ಮೂರು ವಾರ ಚೆನ್ನಾಗಿ ಓಡಿತು. ನಲವತ್ತಮೂರು ಡಿಗ್ರಿ ಬಿಸಿಲಿನಲ್ಲೂ ಬಂದ್ ಆಗಲಿಲ್ಲ. ಅವಳು ದಿನಾ ಫೋನು ಮಾಡಿ, ಇವತ್ತು ಕಂಪ್ಯೂಟರಿನ ಬಿಸಿ ಎಪ್ಪತ್ತಕ್ಕೆ ನಿಂತಿದೆ, ಇವತ್ತು ಎಪ್ಪತ್ತೆರಡು ಅಂತ ಹೇಳುವಳು, ನಿಮ್ಮ ಉಪಕಾರ ಮರೆಯುವುದಿಲ್ಲ ಅನ್ನುವಳು. ಮೇ ತಿಂಗಳ ನಡುವಿಗೆ ಎಂಬತ್ತಾಯಿತು. ಆಮೇಲೆ ಎಂಬತ್ತೆಂಟು. ನಾನು ಅರಳೆ ಧೂಳು ಅಂದೆ. ದಿನಾ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷು ತೆಗೆದುಕೊಂಡು ಒಂದೊಂದೇ ರೆಕ್ಕೆಯನ್ನು ಉಜ್ಜಿದಳಂತೆ, ಬೆರಳ ತುದಿ ಕೊಯ್ದುಕೊಂಡಿತ್ತು. ಹೊರಗೆ ಉಜ್ಜಿದರೆ ಒಳಗಿನದು ಹೋಗುತ್ತದೆಯೇ? ನಾನು ಹೋಗಿ ನೋಡಿ, ಇನ್ನೂ ಚೆನ್ನಾಗಿ ಉಜ್ಜಬೇಕು, ನಿನಗೆ ಕೆಲಸದಲ್ಲಿ ಮನಸ್ಸಿಲ್ಲ ಅಂತ ಬೈದು ಬಂದೆ. ಬೈಯುವಾಗ ಖುಷಿಯಾಯಿತು. ಸುಳ್ಳೇಕೆ ಹೇಳಲಿ.

ಹುಣ್ಣಿಮೆಗೆ ಹದಿನೇಳು ದಿನ ಇರುವಾಗ ರೇಡಿಯೇಟರು ಮೂಲೆಯಲ್ಲಿ ತೂತುಬಿದ್ದು ನೀರು ಸೋರಿತು. ಅವಳು ಮುಂದೆಯೇ ಕೂತಿದ್ದವಳು ಪ್ಲಗ್ಗು ಕಿತ್ತು ಫೋನು ಮಾಡಿದಳು. ಹೋಗಿ ನೋಡಿದೆ. ಬೋರ್ಡಿನ ಅಂಚಿಗೆ ನಾಲ್ಕು ಹನಿ ಬಿದ್ದಿತ್ತು, ಅಷ್ಟೇ, ಒಣಗಿಸಿದ್ದರೆ ಸಾಕಿತ್ತು. ನಾನು ನಾಲಿಗೆ ಲೊಚಗುಟ್ಟಿ, ಬೋರ್ಡು ಸುಟ್ಟುಹೋಗಿದೆ, ಇನ್ನೇನೂ ಉಳಿದಿಲ್ಲ, ಮುಟ್ಟಬೇಡ ಅಂದೆ. ಅವಳು ಅಳಲಿಲ್ಲ. ಸುಟ್ಟ ಗಾಯದ ಮೇಲೆ ಕೈ ಮುಚ್ಚಿಕೊಂಡು ಕೂತಳು. ಅಕ್ಕ ಒಳಗೆ ಹೋಗಿ ಮಗಳ ಬಟ್ಟೆ ಮಡಚಿ ಚೀಲಕ್ಕೆ ಹಾಕತೊಡಗಿದಳು. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಅಂದುಕೊಂಡು ಊಟ ಮಾಡಿಕೊಂಡೇ ಬಂದೆ.

ಮುಂದಿನದು ನನಗೆ ಆಮೇಲೆ ಗೊತ್ತಾದದ್ದು. ಸುರಪುರದ ಬಸ್ ಸ್ಟ್ಯಾಂಡಿನ ಹಿಂದೆ ಹುಸೇನಬೀ ಅಂತ ಒಬ್ಬಳಿದ್ದಾಳೆ. ಗಂಡ ಸತ್ತ ಮೇಲೆ ಅವನ ರೇಡಿಯೇಟರ್ ರಿಪೇರಿ ಶೆಡ್ಡು ತಾನೇ ನಡೆಸುತ್ತಾಳೆ. ಜೀಪು, ಟ್ರಾಕ್ಟರು, ಲಾರಿ, ಯಾವುದೇ ಸೋರಿದರೂ ಸೀಸ ಕರಗಿಸಿ ಬೆಸೆದು ಕೊಡುತ್ತಾಳೆ. ಮೌನಿಕಾ ಈ ತೂತುಬಿದ್ದದ್ದನ್ನು ಹಿಡಿದುಕೊಂಡು ಅವಳ ಹತ್ತಿರ ಹೋಗಿದ್ದಾಳೆ. ಕಂಪ್ಯೂಟರು ಸತ್ತಿದ್ದರೂ ಇದನ್ನಾದರೂ ಬೆಸೆಸಿ ಇಡೋಣ ಅಂತಲೋ ಏನೋ. ಕಂಪ್ಯೂಟರಿನ ರೇಡಿಯೇಟರಿಗೂ ಟ್ರಾಕ್ಟರಿನ ಹೆಂಗಸಿಗೂ ಏನು ಸಂಬಂಧ, ಹೇಳಿ! ನನ್ನ ತಲೆಗೆ ಇದು ಹೊಳೆದಿರಲಿಲ್ಲ.

ಹುಸೇನಬೀ ಸೀಸ ಬಿಟ್ಟಿದ್ದಾಳೆ. ಅಂಟಲಿಲ್ಲ. ಗೋಲಿಯಂತೆ ಉರುಳಿ ಕೆಳಗೆ ಬಿತ್ತು. ಇನ್ನೊಮ್ಮೆ ಬಿಟ್ಟಳು, ಮತ್ತೆ ಉರುಳಿತು. ಅವಳು ಅರ ತೆಗೆದುಕೊಂಡು ಕಪ್ಪು ಬಣ್ಣ ಕೆರೆದು, ಬೆಳ್ಳಗೆ ಹೊಳೆಯುವುದನ್ನು ಮೌನಿಕಾಳ ಮುಂದೆ ಹಿಡಿದಳಂತೆ. ತಾಮ್ರವಾಗಿದ್ದರೆ ಸೀಸ ಕಚ್ಚಿ ಹಿಡಿಯುತ್ತದೆ, ಇದು ತಾಮ್ರದ ವಾಸನೆಯೂ ಕಂಡದ್ದಲ್ಲ ಅಂದಳಂತೆ. ಇದನ್ನು ಹುಸೇನಬೀಯೇ ನನಗೆ ಹೇಳಿದಳು. ಮೌನಿಕಾ ಮನೆಗೆ ಹೋಗಿ, ನಾನು ಸತ್ತಿದೆ ಅಂದಿದ್ದ ಬೋರ್ಡನ್ನು ಒರೆಸಿ ಎರಡು ದಿನ ಫ್ಯಾನಿನ ಕೆಳಗೆ ಇಟ್ಟಳು. ಒಂದು ಮಾತು ಸುಳ್ಳಾದರೆ ಇನ್ನೊಂದೂ ಸುಳ್ಳಿರಬಹುದು ಅಂತ ಲೆಕ್ಕ ಹಾಕಿದ್ದಾಳೆ. ಬುದ್ಧಿ ನಮ್ಮ ಕಡೆಯದೇ ಅಲ್ಲವೇ. ಬಟನ್ ಒತ್ತಿದರೆ ಹತ್ತಿಕೊಂಡಿತು.

ನನಗೆ ಒಂದು ಮಾತೂ ಹೇಳಲಿಲ್ಲ. ಅಕ್ಕನಿಗೂ ಪೂರ್ತಿ ಹೇಳಲಿಲ್ಲ.

ಕಾರಹುಣ್ಣಿಮೆಯ ದಿನ ಬೆಳಿಗ್ಗೆ ಹತ್ತಕ್ಕೆ ಭೀಮೇಶನ ಕಾರಿನಲ್ಲಿ ಅವನ ಜೊತೆಗೇ ಸುರಪುರಕ್ಕೆ ಹೋದೆ. ಓಣಿಯಲ್ಲಿ ಕೊಂಬಿಗೆ ಬಣ್ಣ ಹಚ್ಚಿದ ಎತ್ತುಗಳಿಗೆ ದಾರಿ ಬಿಡುತ್ತ ನಿಧಾನ ಹೋಗಬೇಕಾಯಿತು. ಹಿರಿಯರು ಪಡಸಾಲೆಯಲ್ಲಿ ಕೂತಿದ್ದರು. ಬಾಗಿಲ ಹತ್ತಿರ ಹುಸೇನಬೀ ಚಹಾ ಕುಡಿಯುತ್ತ ಕೂತಿದ್ದಳು, ಇವಳನ್ನು ಯಾರು ಕರೆದರು ಅಂತ ನನಗೆ ಅರ್ಥವಾಗಲಿಲ್ಲ. ಮೌನಿಕಾಳ ಕೋಣೆಯಿಂದ ಫ್ಯಾನಿನ ಸದ್ದು ಬರುತ್ತಿತ್ತು. ಇಣುಕಿದೆ. ಕಂಪ್ಯೂಟರು ಓಡುತ್ತಿತ್ತು. ಪರದೆಯ ಮೇಲೆ ಯಾರದೋ ಹೊಸ ಮನೆ ತಿರುಗುತ್ತಿತ್ತು, ಮೇಜಿನ ಮೇಲೆ ಅಂಬ್ರಪ್ಪನ ಕಚೇರಿಯ ಮೂರು ನಕ್ಷೆಗಳು ಸುರುಳಿಯಾಗಿ ನಿಂತಿದ್ದವು. ಮಂಟಪದ ವಿಡಿಯೊ ಹೋಗಿ ವಾರವಾಗಿತ್ತು. ಕೆಲಸ ಅವಳಿಗೆ ಸಿಕ್ಕಿತ್ತು.

ಆದರೂ ಸಾವರಿಸಿಕೊಂಡು, ಭಲೆ ಮಗಳೇ, ಹೇಗೆ ರಿಪೇರಿ ಮಾಡಿಸಿದೆ ಅಂತ ನಗುತ್ತ ಕೇಳಿದೆ. ಅವಳು ನಾನು ಕೊಟ್ಟಿದ್ದ ರೇಡಿಯೇಟರನ್ನು ತಂದು ಜಮಖಾನೆಯ ಮೇಲೆ, ಎಲ್ಲರ ನಡುವೆ ಇಟ್ಟಳು. ನಡುವಿಗೆ ಗರಗಸ ಹಾಕಿ ಎರಡು ಹೋಳು ಮಾಡಿಸಿದ್ದಳು. ಒಳಗೆ ಬಿಳಿ ಲೋಳೆ ಒಣಗಿ ಸುಣ್ಣವಾಗಿತ್ತು.

“ಇದು ತಾಮ್ರದ್ದ ಹೌದಲ್ರಿ, ಮಾವಾ?”

ಅದೇ ದನಿ, ಅದೇ ಮಾತು. ಹಿರಿಯರಿಗೆ ಏನೂ ತಿಳಿಯಲಿಲ್ಲ. ಹುಸೇನಬೀ ಎರಡೇ ಮಾತಿನಲ್ಲಿ ತಿಳಿಸಿದಳು, ಸೀಸ ಅಂಟಲಿಲ್ಲ, ಕೆರೆದೆ, ಅಲ್ಯುಮಿನಿಯಂ ಬಂತು ಅಂತ. ನಾನು ತಕ್ಷಣ ಹಣೆ ಚಚ್ಚಿಕೊಂಡೆ. ಮಾರಿದವನು ನನಗೂ ಟೋಪಿ ಹಾಕಿದ್ದಾನೆ, ಮೇಲೆ ಕಪ್ಪು ಬಣ್ಣ ಬಳಿದಿದ್ದರೆ ನನಗಾದರೂ ಹೇಗೆ ಗೊತ್ತಾಗಬೇಕು ಅಂದೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ನಂಬಿದಳು. ನಂಬುವುದು ನನಗೆ ಕಂಡಿತು. ಇನ್ನೊಂದು ನಿಮಿಷ ಕಳೆದಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು.

ಆ ಭೀಮೇಶ ಬಾಯಿ ತೆರೆದ. ಕಾರು ತೆಗೆದುಕೊಂಡು ಬಂದು ಬರಿಗೈಯಲ್ಲಿ ಹೋಗಬೇಕಾಯಿತಲ್ಲ ಅಂತ ಅವನಿಗೆ ಸಿಟ್ಟು. “ಏನ್ರಿ ಹಣಮೇಶಣ್ಣ, ಮಷೀನು ಕೂತುಬಿಡ್ತದ, ಹುಣ್ಣಿಮಿಗೆ ಗಾಡಿ ತಗೊಂಡು ಬಾ ಅಂತ ಏಪ್ರಿಲ್‌ದಾಗನ ಹೇಳಿದ್ರಲ್ಲ ನೀವು. ನೋಡಿದ್ರ ಇಲ್ಲಿ ಓಡಾಕತ್ತದ.”

ಅಕ್ಕ ಬೆರಳು ಮಡಚಿ ಎಣಿಸಿದಳು. ಮಷೀನು ಕೆಟ್ಟದ್ದು ಮೇ ತಿಂಗಳ ಕೊನೆಯಲ್ಲಿ; ಇವನು ಹೇಳಿದ್ದು ಏಪ್ರಿಲಿನಲ್ಲಿ. ಓದಿಲ್ಲ ಅವಳು, ಆದರೆ ತಿಂಗಳು ಎಣಿಸಲು ಬರುತ್ತದೆ. ಎದ್ದು ನನ್ನ ರಟ್ಟೆ ಹಿಡಿದು ಕೋಣೆಯೊಳಗೆ ಎಳೆದುಕೊಂಡು ಹೋಗಿ, ಕಂಪ್ಯೂಟರಿನ ಡಬ್ಬಿಯ ಮುಂದೆ ನಿಲ್ಲಿಸಿದಳು. ಆ ಡಬ್ಬಿಯ ಒಂದು ಮಗ್ಗುಲು ಗಾಜಿನದು, ಒಳಗಿನದೆಲ್ಲ ಕಾಣುತ್ತದೆ.

ಒಳಗಿದ್ದದ್ದು ಹುಸೇನಬೀ ಮಾಡಿದ ರೇಡಿಯೇಟರು. ಹಳೆಯ ಜೀಪಿನದನ್ನು ಅಳತೆಗೆ ಕತ್ತರಿಸಿ ರೆಕ್ಕೆ ಮಾಡಿದ್ದಳು. ಮೇಲೆ ಕೆಳಗೆ ನೀರು ನಿಲ್ಲುವ ತೊಟ್ಟಿಗಳಿಗೆ ದಪ್ಪ ತಾಮ್ರದ ತಗಡು ಬೇಕಾಗಿತ್ತು. ಮೇಲಿನ ತೊಟ್ಟಿಯ ಮೇಲೆ, ಬಣ್ಣ ಬಳಿಯದ ಕೆಂಪು ತಾಮ್ರದ ಮೇಲೆ, ಚುಕ್ಕಿ ಅಕ್ಷರದಲ್ಲಿ ‘ಸೋದರಮಾವ ಹಣಮೇಶ’ ಅಂತ ಇತ್ತು. ಅಲ್ಲಿಗೇ ಕತ್ತರಿಸಿದ್ದರು.

ಹೆಸರು ಹಾಕಿದ ಭಾಂಡೆಯನ್ನು, ಕೊಟ್ಟವನು ಬದುಕಿರುವಾಗ ಒಡೆಸುವ ರೂಢಿ ನಮ್ಮ ಮನೆತನದಲ್ಲಿ ಇಲ್ಲ. ಸೋರಿದರೂ ಅಟ್ಟದ ಮೇಲೆ ಇಡುತ್ತೇವೆ. ಹಂಡೆ ಒಡೆಸಿದ್ದಕ್ಕೆ ಅಕ್ಕ ಮಗಳನ್ನು ವಾರವೆಲ್ಲ ಬೈದಿದ್ದಳಂತೆ, ನನ್ನ ತಮ್ಮನಿಗೆ ಕೇಡು ಬಗೆದೆ ಅಂತ ಅತ್ತಿದ್ದಳಂತೆ. ಈಗ ಗಾಜಿನ ಮೇಲೆ ಕೈಯಿಟ್ಟು ನಿಂತಿದ್ದಳು.

“ಛಲೋ ಮಾಡೀದಿ ಮೌನಿಕಾ,” ಅಂದಳು. ಆಮೇಲೆ ನನ್ನ ಕಡೆ ತಿರುಗಿ, ದನಿ ಏರಿಸದೆ ಹೇಳಿದಳು. “ಹಣಮೇಶ, ನಿನ್ನ ಹಂಡೆ ಒಡದೀವಿ. ನನ್ನ ತಮ್ಮ ಅವತ್ತ ಸತ್ತ. ನೀ ಯಾರೋ ಏನೋ, ಬಂದ ಗಾಡ್ಯಾಗ ಹೋಗು.”

ಬಂದ ಗಾಡಿಯಲ್ಲೇ ಹೋದೆ. ದಾರಿಯುದ್ದಕ್ಕೂ ಭೀಮೇಶ ನನ್ನನ್ನೇ ಬೈದ.

ಅಲ್ಲಿಗೆ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆ. ಅಂಬ್ರಪ್ಪನ ಕಡೆಯವರು, ಮನೆ ಕಟ್ಟಿಸುವವರು, ಗಾರೆಯವರು, ಎಲ್ಲ ಆ ಕೋಣೆಗೆ ಹೋಗುತ್ತಾರೆ, ಗಾಜಿನೊಳಗೆ ನನ್ನ ಹೆಸರು ಓದುತ್ತಾರೆ, ಯಾರಿದು ಅಂತ ಕೇಳುತ್ತಾರೆ. ಅವಳು ಕೆಲಸ ಮಾಡುತ್ತಲೇ ಎಲ್ಲ ಹೇಳುತ್ತಾಳೆ. ಆ ಸುಣ್ಣ ನೋಡಿ ಊಹಿಸಿದ ಬೋರಿನ ನೀರನ್ನೂ ಬಿಡುವುದಿಲ್ಲ. ಈಗ ನನ್ನ ಅಂಗಡಿಗೆ ಬಂದವರು ಒಂದು ಪೆನ್ ಡ್ರೈವ್ ಕೊಳ್ಳುವಾಗಲೂ ತಿರುಗಿಸಿ ನೋಡಿ, ಇದು ತಾಮ್ರದ್ದ ಹೌದಲ್ರಿ ಅಂತ ಕೇಳಿ ನಗುತ್ತಾರೆ.

ತಡೆಯಲಾಗದೆ ಮೊನ್ನೆ ಹೋದೆ. ಮೇಜಿನ ಕೆಳಗಿದ್ದ ಆ ಇನ್ನೊಂದನ್ನು, ಅಸಲಿ ತಾಮ್ರದ್ದನ್ನು, ಚೀಲದಲ್ಲಿ ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೋದೆ. ಅಕ್ಕ ನನ್ನನ್ನು ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೌನಿಕಾ ಮಾತ್ರ ಬರ್ರಿ ಅಂದಳು. ಹೊಸದು ತಂದಿದ್ದೇನೆ, ಇದನ್ನು ಹಾಕಿಕೋ, ಆ ಹೆಸರಿನ ತಗಡು ನನಗೆ ಕೊಟ್ಟುಬಿಡು ಅಂತ ಕೇಳಿದೆ.

ಅವಳು ರೇಡಿಯೇಟರನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. ಉಗುರಿನಿಂದ ಮೂಲೆಯ ಬಣ್ಣ ಕೆರೆದಳು. ಕೆಂಪು ಕಾಣಿಸಿತು. ಅದು ಬಂದಿದ್ದ ರಟ್ಟಿನ ಡಬ್ಬಿಯ ಮೇಲೆ ನನ್ನ ಕೈಬರಹದ ಚೀಟಿ ಇತ್ತು, ಸರಕು ಬಂದ ದಿನ ನಾನು ಅಂಟಿಸುವ ಚೀಟಿ. ಮಾರ್ಚ್ ತಿಂಗಳದ್ದು, ಅವಳು ಅಂಗಡಿಗೆ ಬರುವ ಮೊದಲಿನದು. ಅದನ್ನು ಕಿತ್ತು ತರಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಅವಳು ತಾರೀಖು ಓದಿದಳು, ಮತ್ತೊಮ್ಮೆ ಓದಿದಳು. ನಾನು ಅವತ್ತು ಕಾಲಿನಿಂದ ಏನು ತಳ್ಳಿದ್ದೆ ಅಂತ ಅವಳಿಗೆ ಅದೇ ಗಳಿಗೆಯಲ್ಲಿ ತಿಳಿಯಿತು.

“ಇದು ನಿಮ್ಮ ಅಂಗಡ್ಯಾಗ ಇರ್ಲಿ,” ಅಂತ ಅದರ ಡಬ್ಬಿಗೆ ಹಾಕಿ ಮುಚ್ಚಿ ನನ್ನ ಕೈಗೆ ಇಟ್ಟಳು. “ಹೆಸರು ತೆಗೆಯಂಗಿಲ್ರಿ. ಬಿಸಿ ಎಲ್ಲ ಅದರಾಗ ಹಾದು ಹೋಗ್ತದ. ಕೂಡ್ರಿ, ಚಾ ತರ್ತೀನಿ.”

ಕೋಣೆಯಲ್ಲಿ ಬಂದವರಿಗೆ ಅಂತ ಇರುವುದು ಒಂದೇ ಕುರ್ಚಿ. ಅದನ್ನು ಅವಳು ಕಂಪ್ಯೂಟರಿನ ಫ್ಯಾನು ಗಾಳಿ ಹೊರಹಾಕುವ ಕಡೆಗೆ ಎಳೆದಿಟ್ಟಳು. ಕೀಲಿಮಣೆಯ ಮೇಲೆ ಏನೋ ಒತ್ತಿ ಒಂದು ದೊಡ್ಡ ಕೆಲಸಕ್ಕೆ ಹಚ್ಚಿದಳು. ಫ್ಯಾನು ಜೋರಾಯಿತು. ಹಂಡೆಯ ತಾಮ್ರದ ಬಿಸಿ ಗಾಳಿ ನನ್ನ ಮುಖಕ್ಕೆ ಬಡಿಯತೊಡಗಿತು. ಅವಳು ತೋಳು ಮೇಲಕ್ಕೆ ಮಡಚಿಕೊಂಡು, ಆ ಸುಟ್ಟ ಗಾಯ ನನಗೆ ಕಾಣುವಂತೆ ಕೈಯಿಟ್ಟುಕೊಂಡು ಪರದೆ ನೋಡುತ್ತ ಕೂತಳು. ಚಹಾ ತರಲಿಲ್ಲ. ಮುಂದಿನ ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು, ಹೊರಗೆ ಹೋದರೆ ಓಣಿಯವರು ನೋಡುತ್ತಾರೆ ಅಂತ ನಾನು ಅಲ್ಲೇ ಕೂತೆ.